ಎಳ್ಳು ಹೆಕ್ಕಿದ ಜಪಾನಿ ಬುತ್ತಿ

ಮೊನ್ನೆ ನಮ್ಮ ಶಾಲೆಯ ಆಫೀಸಿನಲ್ಲಿ ಒಬ್ಬರಿಗೆ ಬೀಳ್ಕೊಡುಗೆ ಇತ್ತು. ಬಿರಿಯಾನಿ ತಿಂದು ತಿಂದು ಎಲ್ಲರಿಗೂ ಸಾಕಾಗಿದೆ ಎಂದು ಯಾರೋ ಈ ಸಲ ಜಪಾನಿ ಊಟದ ಡಬ್ಬಿಗಳನ್ನು ತರಿಸಿದ್ದರು. ಕಪ್ಪು ಪ್ಲಾಸ್ಟಿಕ್ಕಿನ ಡಬ್ಬಿ, ಒಳಗಿನದು ಕಾಣುವಂಥ ಮುಚ್ಚಳ. ನನ್ನ ಮೇಜಿಗೂ ಒಂದು ಬಂತು. ಮುಚ್ಚಳ ತೆಗೆದೆ. ವಿನೆಗರಿನ ತೆಳುವಾದ ಹುಳಿ ವಾಸನೆ, ತಣ್ಣಗಿನ ಬಿಳಿ ಅನ್ನ, ಅದರ ಮೇಲೆ ಒಂದು ಚಿಟಿಕೆ ಕರಿ ಎಳ್ಳು. ನೋಡುತ್ತಿದ್ದಂತೆ ನನ್ನ ಬೆರಳುಗಳು ತಾವಾಗಿಯೇ ಎಳ್ಳು ಹೆಕ್ಕತೊಡಗಿದವು. ಪಕ್ಕದ ಮೇಜಿನವಳು ಕಾರ್ಕಳದ ಕಡೆಯ ಹೊಸ ಹುಡುಗಿ. "ಎಂತ ಮ್ಯಾಡಂ, ನಿಮ್ಗೆ ಎಳ್ಳು ಅಲರ್ಜಿಯಾ?" ಎಂದು ಕೇಳಿದಳು. "ಹೌದು" ಎಂದೆ. ಡಬ್ಬಿ ಮುಚ್ಚಿಟ್ಟು ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನಂಥ ದೊಡ್ಡವರ ಬಡಾವಣೆಯ ಶಾಲೆಯಲ್ಲಿ ಗುಮಾಸ್ತೆಯಾದವಳಿಗೆ ಅಳಲಿಕ್ಕೆ ಅದೊಂದೇ ಜಾಗ.

ನನ್ನ ಗಂಡ ಶೇಖರ ಬದುಕಿದ್ದ ಕೊನೆಯ ಬೇಸಿಗೆಯಲ್ಲಿ ಅವರು ತಿಂದದ್ದು ಇದನ್ನೇ. ಬೇರೆ ಏನನ್ನೂ ತಿನ್ನಲಿಲ್ಲ. ತಿನ್ನಲಿಲ್ಲ ಎಂದರೆ ತಿನ್ನಲು ಆಗಲಿಲ್ಲ.

ಆಗ ನಾವು ಅಲ್ ಖೌದ್‌ನಲ್ಲಿ, ಯೂನಿವರ್ಸಿಟಿಯಿಂದ ಸ್ವಲ್ಪ ಈಚೆಗೆ ಒಂದು ಫ್ಲಾಟಿನಲ್ಲಿದ್ದೆವು. ಇವರಿಗೆ ಸುವೈಕ್‌ನಲ್ಲಿ ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸ. ದಿನಾ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ಬರುವವರು ಬಾಗಿಲು ತೆರೆದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಮೂಗು ಅರಳಿಸಿ, "ಇವತ್ತು ಪುಳಿಮುಂಚಿ" ಎಂದೋ "ಇವತ್ತು ಗಸಿ" ಎಂದೋ ಹೇಳಿಬಿಡುತ್ತಿದ್ದರು. ಒಂದು ದಿನವೂ ತಪ್ಪುತ್ತಿರಲಿಲ್ಲ. ನನ್ನ ಅಡಿಗೆಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಸುಳ್ಳು ವಿನಯ ನನಗೆ ಒಗ್ಗುವುದಿಲ್ಲ. ಮಸ್ಕತ್ತಿನ ನಮ್ಮ ತುಳು ಮಂದಿಯಲ್ಲಿ ಯಾರ ಮನೆಯಲ್ಲಿ ಪೂಜೆಯಾದರೂ, ಯಾರು ಊರಿಗೆ ಹೊರಟರೂ ಕೋಳಿಗೋ ಪಾಯಸಕ್ಕೋ ನನ್ನನ್ನೇ ಕರೆಯುತ್ತಿದ್ದರು. ಕರೆಯದಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಮಾರ್ಚ್ ಕಳೆಯುವ ಹೊತ್ತಿಗೆ ಇವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಕೀಮೋ ಶುರುವಾಯಿತು. ಕೂದಲು ಹೋಗುತ್ತದೆ, ಸುಸ್ತಾಗುತ್ತದೆ ಎಂದೆಲ್ಲ ಹೇಳಿದ್ದರು, ಅದಕ್ಕೆ ನಾನು ತಯಾರಾಗಿದ್ದೆ. ವಾಸನೆಯ ವಿಷಯ ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಮದ್ದು ಕೊಟ್ಟು ಮನೆಗೆ ಕರೆತಂದ ಮರುದಿನ ನಾನು ಕುಚ್ಚಲಕ್ಕಿ ಬೇಯಲು ಇಟ್ಟಿದ್ದೆ, ಅಷ್ಟೇ. ಗಂಜಿ ಕುದಿಯುವ ವಾಸನೆಗೆ ಇವರು ಬಾಯಿಗೆ ಕೈ ಒತ್ತಿ ಓಡಿದರು. ಆಮೇಲೆ ಒಗ್ಗರಣೆ ಬೇಡ, ನೀರುಳ್ಳಿ ಹೆಚ್ಚಬಾರದು, ತೆಂಗಿನೆಣ್ಣೆಯ ಮುಚ್ಚಳ ತೆರೆಯಬಾರದು. ಕೊನೆಗೆ ನಾನು ಪಕ್ಕದಲ್ಲಿ ಕೂತರೂ, "ಸುಜಾತಾ, ಸ್ವಲ್ಪ ಆಚೆ ಕೂತ್ಕೋ, ನಿನ್ನ ಸೀರೆಗೆ ಅಡಿಗೆ ವಾಸನೆ ಉಂಟು" ಎಂದರು. ನಾನು ಆಚೆ ಕೂತೆ. ಆ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು.

ಡಾಕ್ಟರರು ಹೇಳಿದ್ದು ಒಂದೇ ಮಾತು. ತೂಕ ಇಳಿಯಬಾರದು. ಇಳಿದರೆ ದೇಹ ಮದ್ದನ್ನು ತಡೆಯುವುದಿಲ್ಲ, ಮುಂದಿನ ಡೋಸು ಕೊಡಲಾಗುವುದಿಲ್ಲ, ಮದ್ದು ನಿಂತರೆ ಗಡ್ಡೆ ನಿಲ್ಲುವುದಿಲ್ಲ. ಏನಾದರೂ ತಿನ್ನಿಸಿ, ಯಾವುದಾದರೂ ಸರಿ. ಈ ಮಾತು ಕೇಳಿ ನನಗೆ ನಗು ಬಂತು, ಕೆಟ್ಟ ನಗು. ತಿನ್ನಿಸುವುದೊಂದನ್ನೇ ಬದುಕೆಲ್ಲ ಕಲಿತವಳು ನಾನು. ಒಲೆ ಹಚ್ಚಿದರೆ ಗಂಡ ವಾಂತಿ ಮಾಡುತ್ತಾರೆ, ಹಚ್ಚದಿದ್ದರೆ ಉಪವಾಸ ಇರುತ್ತಾರೆ. ಏನು ಮಾಡಬೇಕಿತ್ತು ನಾನು?

ನಮ್ಮ ಕೆಳಗಿನ ಮನೆಯ ಲಿಲ್ಲಿ ಬಾಯಿ ಪಾಪ, ಉಡುಪಿ ಕಡೆಯ ಕೊಂಕಣಿ ಹೆಂಗಸು, ಮೀನು ಹುರಿಯುವುದನ್ನೇ ಬಿಟ್ಟುಬಿಟ್ಟರು. "ನಮ್ಗೆ ಒಂದು ವರ್ಷ ಮೀನು ಇಲ್ಲದಿದ್ರೆ ಎಂತ ಸಾಯುದಿಲ್ಲ ಮಾರಾಯ್ತಿ" ಎಂದರು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಸಾಯುವುದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಆಗ ಯಾರೂ ಆಡುತ್ತಿರಲಿಲ್ಲ.

ನಮ್ಮ ಮಗಳು ಅನ್ವಿತಾ ಆಗ ಹತ್ತನೆಯ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಮನೆಯಲ್ಲಿ ಅಡಿಗೆ ನಿಂತಿದ್ದರಿಂದ ಅವಳು ಟ್ಯೂಷನ್ ಮುಗಿಸಿ ಬರುವಾಗ ಯೂನಿವರ್ಸಿಟಿ ಹುಡುಗರು ತಿನ್ನುವ ಒಂದು ಸಣ್ಣ ಅಂಗಡಿಯಿಂದ ಏನಾದರೂ ತರುತ್ತಿದ್ದಳು. ಒಂದು ದಿನ ಇಂಥದೇ ಒಂದು ಜಪಾನಿ ಡಬ್ಬಿ ತಂದು ಅರ್ಧ ತಿಂದು ಫ್ರಿಜ್ಜಿನಲ್ಲಿಟ್ಟಿದ್ದಳು. ಮರುದಿನ ನಾನು ಆಫೀಸಿನಿಂದ ಬಂದು ನೋಡಿದರೆ ಡಬ್ಬಿ ಖಾಲಿಯಾಗಿ ಸಿಂಕಿನಲ್ಲಿದೆ.

"ಯಾರು ತಿಂದದ್ದು?"

"ನಾನು" ಎಂದರು ಇವರು. ಕದ್ದು ಬೆಲ್ಲ ತಿಂದ ಮಕ್ಕಳ ಹಾಗಿತ್ತು ಮುಖ. "ಅದಕ್ಕೆ ವಾಸನೆಯೇ ಇಲ್ಲ ಮಾರಾಯ್ತಿ. ತಣ್ಣಗೆ, ಒಳ್ಳೆ ತಂಗಳನ್ನದ ಹಾಗೆ. ಬದಿಯಲ್ಲಿ ಮೂಲಂಗಿ ಉಪ್ಪಿನಕಾಯಿ. ಸಿಹಿ ಸಿಹಿ ಮೊಟ್ಟೆ ಒಂದು ತುಂಡು. ಯಾರು ಮಾಡಿದ್ದು ಇದು?"

ನನಗೆ ಸಂತೋಷವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಕೈ ಸುಟ್ಟುಕೊಂಡು ಬಡಿಸಿದವಳು ನಾನು, ಈಗ ಯಾರೋ ಎಲ್ಲಿಯೋ ಯಂತ್ರದಲ್ಲಿ ಒತ್ತಿದ ಹಳಸಲು ಅನ್ನ ಇವರಿಗೆ ಅಮೃತ. ಬಾತ್‌ರೂಮಿನ ಬಕೆಟನ್ನು ಎತ್ತಿ ಕುಕ್ಕಿ ಸಿಟ್ಟು ತೀರಿಸಿಕೊಂಡೆ. ಆಮೇಲೆ ಮುಖ ತೊಳೆದು, ಪರ್ಸು ಹಿಡಿದು, ಆ ಅಂಗಡಿ ಎಲ್ಲಿ ತೋರಿಸು ಎಂದು ಮಗಳನ್ನು ಎಳೆದುಕೊಂಡು ಹೋದೆ.

ಹೊರಗೆ ಸಂಜೆಯಾದರೂ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅಂಗಡಿ ಎಂದರೆ ಒಂದು ಕೌಂಟರು, ಒಂದು ತಣ್ಣನೆಯ ಶೆಲ್ಫು. ಬೆಳಿಗ್ಗೆಯೇ ಎಲ್ಲಿಂದಲೋ ಒಂದೇ ಥರದ ಡಬ್ಬಿಗಳು ರಾಶಿಯಾಗಿ ಬರುತ್ತಿದ್ದವು, ಅದಕ್ಕೇ ಅಗ್ಗ. ಇವರ ಸಂಬಳ ನಿಂತು ನನ್ನ ಸಂಬಳದಲ್ಲೇ ಮನೆ ನಡೆಯಬೇಕಾದ ಆ ದಿನಗಳಲ್ಲಿ ಅದೂ ಒಂದು ದೊಡ್ಡ ವಿಷಯವೇ. ಕೌಂಟರಿನಲ್ಲಿ ಶಮ್ಸಾ ಎಂಬ ಒಮಾನಿ ಹುಡುಗಿ. ಅವಳ ಮನೆಯವರು ಬಲೂಚಿ ಮೂಲದವರಂತೆ, ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ನನ್ನನ್ನು ಮೊದಲ ದಿನದಿಂದಲೇ "ಖಾಲಾ" ಎಂದಳು. ಚಿಕ್ಕಮ್ಮ ಎಂದ ಹಾಗೆ.

ಡಬ್ಬಿಯನ್ನು ಕೈಯಲ್ಲಿ ಹಿಡಿದಾಗಲೇ ನಾನು ನೋಡಿದ್ದು, ಅನ್ನದ ನಡುವೆ ಉದುರಿಸಿದ ಕರಿ ಎಳ್ಳನ್ನು. ಮಗಳು ಅರ್ಧ ತಿಂದಿಟ್ಟ ಡಬ್ಬಿಯಲ್ಲಿ ನಾನು ಅದನ್ನು ನೋಡಿರಲಿಲ್ಲ. ನಮ್ಮಲ್ಲಿ ಬಿಳಿ ಅನ್ನದ ಮೇಲೆ ಕರಿ ಎಳ್ಳು ಬೀಳುವುದು ಯಾವಾಗ, ಯಾರಿಗಾಗಿ ಎಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಾವ ತೀರಿಕೊಂಡಾಗ ಬಾಳೆಲೆಯಲ್ಲಿ ಇಟ್ಟ ಪಿಂಡ ಹೀಗೆಯೇ ಇತ್ತು. ಕಾಯಿಲೆಯಲ್ಲಿರುವ ಗಂಡನ ಮುಂದೆ ನಾನು ಇದನ್ನು ಇಡುವುದೇ? ಒಂದೊಂದೇ ಡಬ್ಬಿ ಎತ್ತಿ ನೋಡಿದೆ. ಎಲ್ಲದರ ಮೇಲೂ ಎಳ್ಳು.

"ಅಮ್ಮಾ, ಇಟ್ಸ್ ಜಸ್ಟ್ ಸೀಡ್ಸ್" ಎಂದಳು ಅನ್ವಿತಾ.

"ನೀನು ಬಾಯಿ ಮುಚ್ಚು" ಎಂದೆ.

ಅಂದು ಒಂದನ್ನು ಕೊಂಡು ತಂದು ಹೇಗೋ ಹೆಕ್ಕಿ ಕೊಟ್ಟೆ. ಎರಡನೆಯ ದಿನ ಆಫೀಸಿನ ಡ್ರೈವರನಿಂದ ಎರಡು ಅರಬಿ ಶಬ್ದ ಕಲಿತುಕೊಂಡು ಹೋದೆ. ಬಿದೂನ್ ಸಿಮ್ಸಿಮ್. ಎಳ್ಳು ಇಲ್ಲದ್ದು. ಶಮ್ಸಾಳಿಗೆ ಆಶ್ಚರ್ಯ, ಯಾಕೆ ಖಾಲಾ ಎಂದಳು. ನಾನು ಏನು ಹೇಳಲಿ? ಪಿಂಡ ಎಂಬುದಕ್ಕೆ ಹಿಂದಿಯಲ್ಲಿ ಏನೋ ಇರಬಹುದು, ಆದರೆ ಬದುಕಿರುವ ಗಂಡನ ಹೆಸರಿನ ಪಕ್ಕದಲ್ಲಿ ಆ ಶಬ್ದವನ್ನು ಇಡಲು ನನ್ನ ಬಾಯಿ ಬರಬೇಕಲ್ಲ? "ಅಲರ್ಜಿ. ನನ್ನ ಯಜಮಾನರಿಗೆ ಎಳ್ಳು ಅಲರ್ಜಿ" ಎಂದೆ.

ಅಲ್ಲಿಗೆ ನಾನೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡಿದ್ದೆ. ಶಮ್ಸಾ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಕಿತ್ತುಕೊಂಡು ಶೆಲ್ಫಿಗೆ ಇಟ್ಟಳು.

"ಖಾಲಾ, ಹಾಗಾದರೆ ನಿಮಗೆ ಇಲ್ಲಿ ಏನೂ ಕೊಡುವ ಹಾಗಿಲ್ಲ. ಕೋಳಿಯಲ್ಲಿ ಎಳ್ಳೆಣ್ಣೆ, ಸಾಸಿನಲ್ಲಿ ಎಳ್ಳೆಣ್ಣೆ. ಅವರಿಗೆ ಏನಾದರೂ ಆದರೆ ನಮ್ಮ ಅಂಗಡಿ ಖಲಾಸ್."

"ಎಣ್ಣೆ ಆಗ್ತದೆ ಅವರಿಗೆ. ಕಾಳು ಮಾತ್ರ ಆಗುವುದಿಲ್ಲ."

"ಅದು ಹೇಗೆ?"

"ಕರಿ ಕಾಳು ಮಾತ್ರ" ಎಂದೆ. ನನ್ನ ಮಾತು ನನಗೇ ಹುಚ್ಚು ಹೆಂಗಸಿನ ಮಾತಿನ ಹಾಗೆ ಕೇಳಿತು. ಹಿಂದೆ ನಾಲ್ಕು ಜನ ಹುಡುಗರು ಕ್ಯೂ ನಿಂತಿದ್ದರು. ಮನೆಯಲ್ಲಿ ಇವರು ಬೆಳಗಿನಿಂದ ಒಂದು ಲೋಟ ನೀರಿನಲ್ಲಿದ್ದರು. ನನಗೆ ತಡೆಯಲಿಲ್ಲ, ಕೌಂಟರಿನ ಮೇಲೆ ಬಾಗಿ, ನನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಗಂಡನಿಗೆ ಏನಾಗಿದೆ, ನಮ್ಮಲ್ಲಿ ಎಳ್ಳಿನ ಅನ್ನವನ್ನು ಯಾರಿಗೆ ಇಡುತ್ತಾರೆ, ಎಲ್ಲ. ಶಮ್ಸಾ ಕೇಳುತ್ತಾ ಕೇಳುತ್ತಾ ತಲೆಯ ಮೇಲಿನ ಶೇಲಾ ಸರಿಪಡಿಸಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಡಬ್ಬಿಯನ್ನು ಪುನಃ ನನ್ನ ಕೈಗೆ ಕೊಟ್ಟು, "ಈ ಬೆಲೆಗೆ ಬೇರೆ ಮಾಡಿಸಿಕೊಡಲು ಆಗುವುದಿಲ್ಲ ಖಾಲಾ. ಎಲ್ಲ ಒಟ್ಟಿಗೇ ತುಂಬಿ ಬರುತ್ತದೆ. ನೀವು ಮನೆಯಲ್ಲಿ ತೆಗೆದುಬಿಡಿ. ನಾನು ದಿನಾ ಒಂದು ಡಬ್ಬಿ ಎತ್ತಿಡುತ್ತೇನೆ" ಎಂದಳು. ಜೂನಿನಲ್ಲಿ ಯೂನಿವರ್ಸಿಟಿಗೆ ರಜೆ ಬಂದು ಅಂಗಡಿಗೆ ಬರುವ ಡಬ್ಬಿಗಳು ಬೆರಳೆಣಿಕೆಯಷ್ಟಾದಾಗಲೂ ನನ್ನ ಡಬ್ಬಿ ಅಲ್ಲಿರುತ್ತಿತ್ತು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಹಾಗೆ ಎಳ್ಳು ಹೆಕ್ಕುವುದು ನನ್ನ ಆ ಬೇಸಿಗೆಯ ಅಡಿಗೆಯಾಯಿತು. ಮೊದಲು ಉಗುರಿನಲ್ಲಿ ಹೆಕ್ಕಿದೆ, ಅನ್ನ ಕಿವುಚಿ ಹೋಗುತ್ತಿತ್ತು. ಆಮೇಲೆ ಹುಬ್ಬು ಕೀಳುವ ಚಿಮಟವನ್ನು ಬಿಸಿ ನೀರಿನಲ್ಲಿ ತೊಳೆದು ಅದಕ್ಕೇ ಮೀಸಲಿಟ್ಟೆ. ಅಡಿಗೆಮನೆಯ ಬಾಗಿಲು ಮುಚ್ಚಿ, ಉರಿಯದ ಒಲೆಯ ಪಕ್ಕದಲ್ಲಿ ಡಬ್ಬಿ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು ಒಂದೊಂದೇ ಕಾಳು ಕೀಳುತ್ತಿದ್ದೆ. ಒಂದು ಕಾಳು ಉಳಿದರೂ ಇವರಿಗೆ ಏನೋ ಆಗುತ್ತದೆ ಎಂಬ ಹೆದರಿಕೆ. ನಾನು ಓದಿದವಳು, ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು, ಗ್ರಹಣದ ದಿನ ತಿನ್ನುವವಳು. ಆದರೂ ಹೆಕ್ಕಿದೆ. ಹೆಕ್ಕಿದ ಕಾಳುಗಳನ್ನು ಕಸದ ಬುಟ್ಟಿಗೆ ಹಾಕಲೂ ಮನಸ್ಸು ಬರದೆ ಸಿಂಕಿನಲ್ಲಿ ನೀರು ಬಿಟ್ಟು ಕಳಿಸುತ್ತಿದ್ದೆ. ಎಳ್ಳನ್ನು ನೀರಿಗೆ ಬಿಡುವುದೂ ಅದೇ ಶಾಸ್ತ್ರ ಎಂದು ಆಮೇಲೆ ಹೊಳೆದು ತಲೆ ಚಚ್ಚಿಕೊಂಡೆ.

ಒಂದು ಶುಕ್ರವಾರ ಮಧ್ಯಾಹ್ನ ಇವರು ನಿದ್ದೆಯಲ್ಲಿದ್ದಾರೆ ಎಂದುಕೊಂಡು ಕೂತು ಹೆಕ್ಕುತ್ತಿದ್ದೆ. ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ನಿಂತಿದ್ದರು. ಅಡಿಗೆಮನೆಗೆ ಇವರು ಬಂದು ತಿಂಗಳುಗಳೇ ಆಗಿದ್ದವು.

"ಎಂತ ಮಾಡ್ತಿದ್ದಿ?"

"ಎಂತ ಇಲ್ಲ. ಅನ್ನದಲ್ಲಿ ಕಸ ಇತ್ತು, ತೆಗೀತಿದ್ದೇನೆ."

"ಕಸ ಅಲ್ಲ, ಎಳ್ಳು" ಎಂದರು. "ನಂಗೆ ಯಾವಾಗಲೋ ಗೊತ್ತಾಗಿದೆ. ಅನು ತಂದದ್ರಲ್ಲಿ ಎಳ್ಳು ಇತ್ತು, ನೀನು ಕೊಡುದ್ರಲ್ಲಿ ಇಲ್ಲ. ಅನ್ನದ ಮೇಲೆ ಸಣ್ಣ ಸಣ್ಣ ಗುಂಡಿ ಮಾತ್ರ ಇರ್ತದೆ."

ಇವರು ನಿಧಾನಕ್ಕೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. "ತೆಗೀಬೇಡ, ಇರ್ಲಿ. ಬದುಕಿರುವಾಗ್ಲೇ ಅದ್ರ ರುಚಿ ನೋಡುವ ಭಾಗ್ಯ ಯಾರಿಗುಂಟು? ಆಮೇಲೆ ಹೇಗೂ ಕಾಗೆ ಪಾಲು."

"ಬಾಯಿ ಮುಚ್ಚಿ ನೀವು!" ಎಂದು ಕಿರುಚಿದೆ. ಚಿಮಟವನ್ನು ಎಸೆದೆ, ಅದು ಫ್ರಿಜ್ಜಿಗೆ ಬಡಿದು ಬಿತ್ತು. ಇವರು ನಕ್ಕರು. ನಗುತ್ತಾ ನಗುತ್ತಾ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು.

"ಸುಜಾತಾ, ನಂಗೆ ಹೆದ್ರಿಕೆ ಆಗ್ತದೆ" ಎಂದರು.

"ನಂಗೂ" ಎಂದೆ.

ಇವರು ಬಾಗಲು ಹೋದರು, ಆಗಲಿಲ್ಲ. ನಾನೇ ಚಿಮಟ ಹೆಕ್ಕಿಕೊಂಡೆ. "ನೀನು ತೆಗೀತಾ ಇರು" ಎಂದರು. "ನಂಗೆ ಗೊತ್ತಿಲ್ಲ ಅಂತ ಮಾಡ್ತೇನೆ." ಹಾಗೆಯೇ ಎದುರಿನಲ್ಲಿ ಕೂತು, ಬೇರೆ ಕಡೆ ಮುಖ ಮಾಡಿಕೊಂಡು, ನಾನು ಮುಗಿಸುವವರೆಗೆ ಕಾದರು. ನಮ್ಮಿಬ್ಬರ ನಡುವೆ ಇಷ್ಟು ವರ್ಷಗಳಲ್ಲಿ ಪ್ರೀತಿಯ ಮಾತು ಬಂದದ್ದು ಕಡಿಮೆ. ಅವತ್ತು ಕೂಡ ಬರಲಿಲ್ಲ.

ಆಗಸ್ಟಿನ ಸೆಕೆಯಲ್ಲಿ ಆ ಡಬ್ಬಿಯೂ ಪೂರ್ತಿ ಹೋಗದಾಯಿತು. ಮೊದಲು ಕೋಳಿ ಉಳಿಯಿತು, ಆಮೇಲೆ ಮೊಟ್ಟೆ, ಆಮೇಲೆ ಅನ್ನದ ಮುಕ್ಕಾಲು. ಆಸ್ಪತ್ರೆಯಲ್ಲಿ ತೂಕದ ಮೆಷಿನ್ನಿನ ಮುಂದೆ ಒಬ್ಬ ಒಮಾನಿ ನರ್ಸ್ ಇದ್ದಳು. ಬಹಳ ಒಳ್ಳೆಯವಳು, ಇವರ ತೋಳು ಹಿಡಿದು ಹತ್ತಿಸಿ, ಬರೆದುಕೊಂಡು, "ಖಲಾಸ್, ಬಾಬಾ" ಎಂದು ಇಳಿಸುತ್ತಿದ್ದಳು. ಮುಗಿಯಿತು, ಇಳಿಯಿರಿ ಎಂದು ಅಷ್ಟೇ. ಆದರೆ ನಮ್ಮ ಕಡೆ ಖಲಾಸ್ ಎಂದರೆ ಆಸಾಮಿಯೇ ಮುಗಿದ ಎಂದು. ಪ್ರತಿ ಸಲ ಆ ಶಬ್ದಕ್ಕೆ ನನ್ನ ಮೈ ಉರಿಯುತ್ತಿತ್ತು. ಒಂದು ಸಲ ಡಾಕ್ಟರರು ಅವಳು ಬರೆದದ್ದನ್ನು ನೋಡಿ, ಮದ್ದು ಸದ್ಯಕ್ಕೆ ನಿಲ್ಲಿಸೋಣ ಎಂದರು. ಮನೆಗೆ ಹೋಗಿ ಚೆನ್ನಾಗಿ ತಿಂದು ಸ್ವಲ್ಪ ತೂಕ ಬರಲಿ, ಹಸಿವು ಬರಲಿ, ಮತ್ತೆ ಶುರು ಮಾಡೋಣ. ಕಾರಿನಲ್ಲಿ ಇವರು, "ಮತ್ತೆ ಶುರು ಮಾಡ್ತಾರಂತೆ ಅಲ್ವಾ?" ಎಂದು ಕೇಳಿದರು. "ಮತ್ತೆಂತ, ಹೇಳಿದ್ರಲ್ಲ!" ಎಂದೆ. ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ ನನಗೆ.

ಇದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಇಡೀ ಬಿಲ್ಡಿಂಗಿಗೆ ಒಣಮೀನು ಸುಟ್ಟ ವಾಸನೆ. ಎ.ಸಿ. ಕೊಳವೆಯಿಂದ, ಕಿಟಕಿ ಸಂದಿಯಿಂದ, ಬಾಗಿಲ ಅಡಿಯಿಂದ ನುಗ್ಗಿತು. ನಾನು ಬಕೆಟ್ ಹಿಡಿದುಕೊಂಡು ಹಾಲಿಗೆ ಓಡಿದೆ. ಅಷ್ಟರಲ್ಲಿ ಲಿಲ್ಲಿ ಬಾಯಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು.

"ಸಾರಿ ಸುಜಾತಾ, ಸಾರಿ ಮಾರಾಯ್ತಿ! ಊರಿಂದ ಬಂದವ್ರು ಒಣ ಬಂಗುಡೆ ತಂದಿದ್ರು, ನನ್ನ ಅತ್ತೆ ನಾನು ಸ್ನಾನಕ್ಕೆ ಹೋದಾಗ ಸುಟ್ಟೇ ಬಿಟ್ರು. ಅವ್ರಿಗೆ ಹೇಳ್ಲಿಕ್ಕೆ ಮರ್ತು ಹೋಯ್ತು. ಶೇಖರಣ್ಣ ಎಲ್ಲಿ?"

ಇವರು ಸೋಫಾದಲ್ಲಿ ಆರಾಮವಾಗಿ ಕೂತು ಟಿವಿ ನೋಡುತ್ತಿದ್ದರು. ವಾಂತಿಯಿಲ್ಲ, ಬಾಯಿಗೆ ಕೈಯಿಲ್ಲ.

"ಎಂತ ಬಾಯಿ, ಇಷ್ಟು ಗಡಿಬಿಡಿ? ಎಂತ ಮೀನು? ಸುಡಿ, ಸುಡಿ, ನಂಗೆ ಎಂತ ಆಗುದಿಲ್ಲ" ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಲಿಲ್ಲಿ ಬಾಯಿ ಹಣೆಗೆ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, "ನಾನು ನೊವೆನಾ ಪ್ರಾರ್ಥನೆ ಹೇಳ್ತಾ ಇದ್ದೆ, ನೋಡು!" ಎಂದು ನನ್ನನ್ನು ತಬ್ಬಿಕೊಂಡರು. ನಾನು ಬಕೆಟ್ ಹಿಡಿದುಕೊಂಡೇ ಅತ್ತೆ. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

"ಹುರುಳಿಸಾರು ಮಾಡ್ಲಾ?" ಎಂದು ಕೇಳಿದೆ.

"ಮಾಡು" ಎಂದರು. "ಬೆಳ್ಳುಳ್ಳಿ ಜಾಸ್ತಿ ಹಾಕು."

ಮನೆಯಲ್ಲಿ ಬೆಳ್ಳುಳ್ಳಿಯೇ ಇರಲಿಲ್ಲ, ತೆಂಗಿನೆಣ್ಣೆಯೂ ಇರಲಿಲ್ಲ. ಹುರುಳಿಯನ್ನು ಕುಕ್ಕರಿನಲ್ಲಿಟ್ಟು ಅಂಗಡಿಗೆ ಓಡಿದೆ, ದಾರಿಯಲ್ಲಿ ಶಮ್ಸಾಳ ಹತ್ತಿರವೂ ಹೋದೆ. ಅವಳು ಎತ್ತಿಟ್ಟಿದ್ದ ಡಬ್ಬಿಯನ್ನು ಮುಂದೆ ಇಟ್ಟಳು. "ಬೇಡ" ಎಂದೆ, "ಇನ್ನು ಎತ್ತಿಡಬೇಡ. ಇವತ್ತಿನಿಂದ ಅವರು ಮನೆಯ ಅಡಿಗೆ ಉಣ್ಣುತ್ತಾರೆ." ಇದನ್ನು ಹೇಳುವಾಗ ನನ್ನ ದನಿಯಲ್ಲಿ ಹಮ್ಮು ಇತ್ತು, ಇರಲಿ ಬಿಡಿ. "ಅಲ್‌ಹಮ್ದುಲಿಲ್ಲಾಹ್!" ಎಂದು ಆ ಹುಡುಗಿ ಕೌಂಟರಿನ ಆಚೆಯಿಂದ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು.

ಆ ದಿನ ನಾನು ಅಡಿಗೆಮನೆಯ ಬಾಗಿಲನ್ನು ಹಾರು ಹೊಡೆದು ಅಡಿಗೆ ಮಾಡಿದೆ. ಹುರುಳಿಯ ಕಟ್ಟು ಬಸಿದು, ಮೆಣಸು ಕೊತ್ತಂಬರಿ ಹುರಿದು ತೆಂಗಿನಕಾಯಿಯೊಂದಿಗೆ ಅರೆದು, ಕುದಿಯಲು ಬಿಟ್ಟೆ. ಇವರು ಬಾಗಿಲ ಪಕ್ಕದಲ್ಲೇ ಊಟದ ಮೇಜಿಗೆ ಬಂದು ಕೂತರು. ತಟ್ಟೆಯನ್ನು ತಾವೇ ಇಟ್ಟುಕೊಂಡಿದ್ದರು. ಅಂಗಿ ಹೆಗಲಿನಿಂದ ಜಾರುತ್ತಿತ್ತು, ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಹಳೆಯ ಕಾಲದ ಹಾಗೆ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು. ಕೊನೆಗೆ ತೆಂಗಿನೆಣ್ಣೆ ಕಾಯಿಸಿ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಹಾಕಿ ಕೆಂಪಗಾಗುವವರೆಗೆ ಬಿಟ್ಟು, ಸಾಸಿವೆ, ಒಣಮೆಣಸು, ಕರಿಬೇವು ಹಾಕಿ, ಚುಂಯ್ ಎಂದು ಸಾರಿಗೆ ಸುರಿದೆ. ಘಮವೆಂದರೆ ಘಮ! ಮಗಳು ಕೋಣೆಯಿಂದ "ಅಮ್ಮಾ, ವಾವ್!" ಎಂದು ಓಡಿಬಂದಳು. ಕೆಳಗಿನಿಂದ ಲಿಲ್ಲಿ ಬಾಯಿ ಫೋನು ಮಾಡಿ, "ಇಲ್ಲಿವರೆಗೆ ಬಂತು ಮಾರಾಯ್ತಿ ನಿನ್ನ ಒಗ್ಗರಣೆ!" ಎಂದರು.

ಖಾಲಿ ಸೌಟು ಇನ್ನೂ ನನ್ನ ಕೈಯಲ್ಲೇ ಇತ್ತು, ಎಣ್ಣೆ ಇನ್ನೂ ಚಟಚಟ ಅನ್ನುತ್ತಿತ್ತು. ಇವರು ಜೋರಾಗಿ ಕೂಗುತ್ತಿದ್ದ ಟಿವಿಯಿಂದ ನನ್ನ ಕಡೆ ತಿರುಗಿದರು.

"ಇನ್ನೂ ಎಷ್ಟು ಹೊತ್ತುಂಟು ಸುಜಾತಾ?" ಎಂದರು. "ಒಗ್ಗರಣೆ ಹಾಕುವಾಗ ಹೇಳು. ಆ ವಾಸನೆ ಬಂದ್ರೆ ನಂಗೆ ಹಸಿವಾದ್ರೂ ಆಗ್ಬಹುದು."

ಮಗಳು ನನ್ನ ಮುಖ ನೋಡಿದಳು. ಬೆಳಗಿನ ಮೀನಿನ ವಾಸನೆಯೂ ಇವರಿಗೆ ಬಂದಿರಲಿಲ್ಲ.

"ಈಗ ಹಾಕ್ತೇನೆ" ಎಂದೆ.